ಕಿಟಕಿಗೆ ಬಳೆ ತೊಡಿಸಿದವರು

ಊರೂರು ಸುತ್ತಿ ಹೆಂಗಸರಿಗೆಲ್ಲ ಬಳೆ ತೊಡಿಸುತ್ತಿದ್ದ ಅವರ ಎರಡು ಕೈಗಳೂ ಬೋಳು. ಒಂದು ದಾರ ಕೂಡ ಇರಲಿಲ್ಲ. ಬಿಸಿಲಿಗೆ ಕಪ್ಪಾದ ಚರ್ಮ; ಮಣಿಕಟ್ಟಿನ ಸುತ್ತ ಮಾತ್ರ, ಹಿಂದೆ ಬಳೆ ಇದ್ದಷ್ಟು ಅಗಲಕ್ಕೆ, ಒಂದು ಬಿಳಿಯ ಪಟ್ಟಿ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತಂತೆ. ಅಷ್ಟು ವರ್ಷ ಬಿಸಿಲು ಕಂಡ ಚರ್ಮ ಹಾಗೆ ಬೆಳ್ಳಗೆ ಉಳಿಯಲು ಸಾಧ್ಯವಿಲ್ಲ ಎಂದು ನನ್ನ ಬಿ.ಎಸ್ಸಿ. ಹೇಳುತ್ತದೆ. ಆದರೆ ಉಳಿದಿತ್ತು. ನಾನು ವಾರಕ್ಕೊಮ್ಮೆ ನೋಡುತ್ತಿದ್ದೆ.

ಗುರುವಾರ ಹತ್ತು ಗಂಟೆಯ ಬಸ್ಸಿಗೆ ಅಜ್ಜಂಪುರದಿಂದ ಬರುತ್ತಿದ್ದರು. ಹೆಗಲಿಂದ ಇಳಿಬಿದ್ದ ಬಳೆಯ ಮಲಾರ, ಕೈಯಲ್ಲೊಂದು ತಗಡಿನ ಪೆಟ್ಟಿಗೆ, ತಲೆಯ ಮೇಲೆ ಸೆರಗು. ಮನೆಯಲ್ಲಿ ಆಡುತ್ತಿದ್ದುದು ದಖನಿ ಉರ್ದು, ಬೀದಿಯಲ್ಲಿ ಮಾತ್ರ ನಮಗಿಂತ ಚೆಂದದ ಊರ ಕನ್ನಡ. ಮಕ್ಕಳು ಬಳೆ ಅಜ್ಜಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಬಳೆ ತೊಡಿಸುವ ಮುಂಚೆ ಕೈಯನ್ನು ಹಿಂಡಿ ಹಿಂಡಿ ಹದಕ್ಕೆ ತರುವರು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ, "ಕೈ ಸಡ್ಲ ಬಿಡವ್ವ, ಮಿಕ್ಕಿದ್ದು ನಂಗ್ ಬಿಡು" ಎನ್ನುವರು. ಕೈ ಬಿಗಿಯಾಗಿದ್ದರೆ ಆ ಮನೆಯಲ್ಲಿ ಏನೋ ನಡೆದಿದೆ ಎಂದು ಅವರಿಗೆ ತಿಳಿದುಹೋಗುತ್ತಿತ್ತು. ಗಂಡ ಹೊಡೆದದ್ದು, ಬಸಿರು ನಿಂತದ್ದು, ಅತ್ತೆ ಬೈದದ್ದು, ಎಲ್ಲವೂ ಆ ಬೆರಳುಗಳಿಗೆ ಗೊತ್ತು. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಅವರು ಹೊತ್ತದ್ದನ್ನು ನಾನು ಕೇಳಿಲ್ಲ. ನಮ್ಮ ಸ್ಟಾಫ್ ರೂಮಿನ ಬಗ್ಗೆ ಈ ಮಾತು ಹೇಳಲಾರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅಂತರಘಟ್ಟೆಯ ಕಡೆಗಿನ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ವಯಸ್ಸು ಇಪ್ಪತ್ತಾರು. ಹೆಡ್‌ಮಿಸ್ಟ್ರೆಸ್ಸಿಗೆ ವರ್ಗವಾಯಿತು, ನನಗಿಂತ ಹಿರಿಯರು ತಮಗೆ ಬಿ.ಪಿ. ಇದೆ ಎಂದರು, ಇನ್‌ಚಾರ್ಜ್ ನನ್ನ ಕೊರಳಿಗೆ ಬಿತ್ತು. ಕಡೂರಿನ ನಮ್ಮಪ್ಪ ಹೆಮ್ಮೆಯಿಂದ ಬೀದಿಗೆಲ್ಲ ಸಕ್ಕರೆ ಹಂಚಿದರು. ನನಗೋ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

ಕೂತ ಮೂರನೇ ವಾರಕ್ಕೆ ಶುರುವಾಯಿತು. ಏಳನೇ ತರಗತಿಯ ಹುಡುಗಿಯೊಬ್ಬಳು ಮಟಮಟ ಮಧ್ಯಾಹ್ನ ಪಾಠದ ನಡುವೆ ಚೀರಿ ಬಿದ್ದಳು. ಎಚ್ಚರವಾದ ಮೇಲೆ, ಹಿಂದಿನ ಕಿಟಕಿಯ ಕಂಬಿಗಳ ನಡುವೆ ಒಂದು ಕೈ ಒಳಗೆ ಬಂತು ಎಂದಳು. ಬರೀ ಕೈ. ಬಳೆ ಇರಲಿಲ್ಲ. ಮಾರನೇ ದಿನ ಮೂವರು ಬಿದ್ದರು, ಅದರಾಚೆ ದಿನ ಐವರು. ಎಲ್ಲರಿಗೂ ಕಂಡದ್ದು ಅದೇ ಬೋಳು ಕೈ.

ಆ ಕಿಟಕಿಯ ಆಚೆ ನೆಲವಿರಲಿಲ್ಲ. ಶಾಲೆ ಕಟ್ಟಲು ಮಣ್ಣು ತೆಗೆದ ಗುಂಡಿ, ಎರಡಾಳು ಆಳ. ಅಲ್ಲಿ ನಿಂತು ಯಾರೂ ಕಿಟಕಿಗೆ ಕೈ ಚಾಚಲು ಆಗುವುದಿಲ್ಲ ಎಂದು ನಾನೇ ಮಕ್ಕಳಿಗೆ ತಿಳಿಸಿ ಹೇಳಿದೆ. ಸಮಾಧಾನವಾಗಲಿ ಎಂದು ಹೇಳಿದ್ದು. ಅದನ್ನು ಕೇಳಿ ಅವರು ಇನ್ನಷ್ಟು ಹೆದರಿದರು. ನನ್ನ ಜಾಣತನ ಅಷ್ಟಿತ್ತು.

ಡಾಕ್ಟರು ಬಂದು, ಹಸಿದ ಹೊಟ್ಟೆಯಲ್ಲಿ ಬರುತ್ತಾರೆ, ಅದಕ್ಕೇ ಎಂದು ಹೋದರು. ಊರವರು ಸೇರಿ, ಶಾಲೆಯಲ್ಲಿ ಗಾಳಿ ಸೇರಿಕೊಂಡಿದೆ ಎಂದರು. ಅರವತ್ತು ಹುಡುಗಿಯರಲ್ಲಿ ಹದಿನೆಂಟು ಮಂದಿ ಉಳಿದರು. ತರೀಕೆರೆಯ ಶಿಕ್ಷಣ ಇಲಾಖೆಯ ಸಾಹೇಬರು ನನ್ನನ್ನು ಕರೆಸಿ, "ನೋಡಮ್ಮ, ಹೀಗೇ ಆದ್ರೆ ಈ ಶಾಲೆ ಮುಚ್ಚಿ ಅಜ್ಜಂಪುರಕ್ಕೆ ಸೇರಿಸ್ತೀವಿ" ಎಂದರು. ಬಸ್ಸು ಹತ್ತಿಸಿ ಅಜ್ಜಂಪುರಕ್ಕೆ ಓದಲು ಕಳಿಸುವ ಮನೆ ಆ ಊರಲ್ಲಿ ಒಂದೂ ಇರಲಿಲ್ಲ. ಶಾಲೆ ಮುಚ್ಚಿತೆಂದರೆ ಆ ಅರವತ್ತು ಹುಡುಗಿಯರ ಓದು ಅಲ್ಲಿಗೆ ಮುಗಿಯಿತು. ಅದು ನನ್ನ ಕೈಯಲ್ಲಿ ಮುಗಿಯುತ್ತದಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಜೋರಾಗಿ ಭಾಷಣ ಮಾಡಿದೆ. ದೆವ್ವವಿಲ್ಲ, ಭೂತವಿಲ್ಲ, ಕಣ್ಣು ಮೋಸ ಮಾಡುತ್ತದೆ ಎಂದೆ. ಅದೇ ದಿನ ಮಧ್ಯಾಹ್ನ, ಮಕ್ಕಳನ್ನು ಊಟಕ್ಕೆ ಬಿಟ್ಟು, ಏಳನೇ ತರಗತಿಯಲ್ಲಿ ಒಬ್ಬಳೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೊರಗೆ ಬೆಂಕಿಯಂಥ ಬಿಸಿಲು. ತಲೆ ಎತ್ತಿದೆ. ಕಂಬಿಗಳ ನಡುವೆ ಒಂದು ಕೈ ಮೊಣಕೈವರೆಗೂ ಒಳಗೆ ಬಂದಿತ್ತು. ಅಂಗೈ ಕೆಳಗಾಗಿತ್ತು, ಬೆರಳುಗಳು ಒಟ್ಟಾಗಿದ್ದವು, ಉಗುರಿನಲ್ಲಿ ಮಣ್ಣಿತ್ತು. ಅದು ಅಲುಗಲಿಲ್ಲ. ಏನನ್ನೋ ಕಾಯುವ ಹಾಗೆ ಸುಮ್ಮನೆ ಇತ್ತು. ನಾನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಗಂಟೆ ಹೊಡೆದಾಗ ಅದಿರಲಿಲ್ಲ, ಕೆಂಪು ಇಂಕು ನನ್ನ ಸೀರೆಯ ಮೇಲೆಲ್ಲ ಚೆಲ್ಲಿತ್ತು.

ಯಾರಿಗೆ ಹೇಳಲಿ? ಹೆಡ್‌ಮಿಸ್ಟ್ರೆಸ್ಸಿಗೇ ಕಂಡಿತು ಎಂದರೆ ಶಾಲೆಗೆ ಅಂದೇ ಬೀಗ. ಮೂರು ದಿನ ನಗುನಗುತ್ತ ಓಡಾಡಿದೆ. ನನ್ನಷ್ಟು ಧೈರ್ಯವಂತೆ ಇಲ್ಲ ಎಂದು ಹಿರಿಯ ಟೀಚರು ಹೊಗಳಿದರು.

ಗುರುವಾರ ಬಳೆ ಅಜ್ಜಿ ಬಂದರು. ಶಾಲೆಯ ಜಗಲಿಯಲ್ಲಿ ಕೂತು, ಬೇಡವೆಂದರೂ ನನ್ನ ಕೈ ಎಳೆದುಕೊಂಡರು. ಮೊದಲ ಬಳೆ ಗೆಣ್ಣಿನ ಬಳಿಯೇ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದು ಮುರಿದಾಗ ಅವರು ಪೆಟ್ಟಿಗೆ ಮುಚ್ಚಿದರು. ನನ್ನ ಕೈ ಬಿಡಲಿಲ್ಲ. ಅದುವರೆಗೆ ಟೀಚರಮ್ಮ, ನೀವು ಎನ್ನುತ್ತಿದ್ದವರು ದನಿ ತಗ್ಗಿಸಿದರು.

"ಯಾವಾಗ ನೋಡ್ದೆ ಬೇಟಿ?"

"ಏನನ್ನ?"

"ನನ್ ಹತ್ರ ಯಾಕ್ ಸುಳ್ಳು? ಕೈ ಕಲ್ಲಾಗ್ಬಿಟ್ಟೈತೆ."

ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಅತ್ತೆ. ಅವರು ಒಂದೊಂದಕ್ಕೂ "ಹೂಂ" ಎಂದರು.

"ನಂಗೂ ಕಂಡೈತೆ" ಎಂದರು ಕೊನೆಗೆ. "ಬೋಳು ಕೈ. ಉಗುರಲ್ಲಿ ಮಣ್ಣು. ಮಕ್ಳ ಮುಂದೆ ಹೇಳ್ಬೇಡ. ನನ್ ಮುಂದೆ ಹೇಳು. ಗುರುವಾರ ಗುರುವಾರ ಬತ್ತೀನಿ, ಹೆದ್ರಿಕೆ ಎಲ್ಲಾ ಕೂಡಿಟ್ಟು ಅವತ್ತು ಹೇಳು. ಮಿಕ್ಕಿದ್ ದಿನ ಹೆಡ್‌ಮೇಡಮ್ಮ ಆಗಿರು."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನೊಬ್ಬರಿಗೂ ಕಂಡಿದೆಯಲ್ಲ, ನನಗೆ ಹುಚ್ಚು ಹಿಡಿದಿಲ್ಲ. ಆ ಸಂಜೆ ಹೊಟ್ಟೆ ತುಂಬ ಉಂಡೆ.

ಮುಂದಿನ ಗುರುವಾರ ಅಜ್ಜಿ ನನ್ನ ಅಪ್ಪಣೆ ಕೇಳಿದರು. ಮಕ್ಕಳೆದುರು ಆ ಕೈಗೆ ಬಳೆ ತೊಡಿಸುತ್ತೇನೆ ಎಂದರು. ವಿಜ್ಞಾನದ ಟೀಚರು ಒಪ್ಪಬಾರದು. ನಾನು ಒಪ್ಪಿದೆ. ಅವರ ಪಕ್ಕದಲ್ಲೇ ನಿಂತೆ.

ಏಳನೇ ತರಗತಿಯ ಬೆಂಚನ್ನು ಕಿಟಕಿಗೆ ಎಳೆದುಕೊಂಡು ಕೂತರು. "ಬೋಳು ಕೈ ಅಂದ್ರೆ ಇಷ್ಟ್ಯಾಕ್ ಹೆದ್ರಿಕೆ ಕಣ್ರೇ? ನಂದೂ ಬೋಳೇ, ನೋಡಿ" ಎಂದು ಎರಡೂ ಕೈ ಎತ್ತಿ ತೋರಿಸಿದರು. ಆಮೇಲೆ ಕಂಬಿಗಳ ಕಡೆ ತಿರುಗಿ, "ಕೊಡವ್ವ ಕೈಯ. ಸಡ್ಲ ಬಿಡು" ಎಂದರು. ಗಾಳಿಯಲ್ಲೇ ಗೆಣ್ಣು ಒತ್ತಿದರು, ಹೆಬ್ಬೆರಳು ಮಡಿಸಿದರು. ಮೊದಲ ಹಸಿರು ಬಳೆ ಏರಿಸುವಾಗ ಅವರ ಕೈ ಒಂದು ಕ್ಷಣ ನಿಂತಿತು. ಮತ್ತೆ ಮುಂದುವರಿಸಿದರು. ಒಂದೊಂದಾಗಿ ಹನ್ನೆರಡು ಬಳೆ ಕಂಬಿಯಾಚೆಗೆ ಹೋದವು. ಗುಂಡಿಗೆ ಬಿದ್ದ ಸದ್ದು ಒಂದರದ್ದೂ ಕೇಳಲಿಲ್ಲ. ಕೆಳಗೆ ಹುಲ್ಲು ಬೆಳೆದಿತ್ತು, ಅದಕ್ಕೇ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೊದಲ ದಿನ ಬಿದ್ದಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಹಿಡಿಸ್ತಾ ಅಜ್ಜಿ?"

"ಹಿಡಿಸ್ದೆ ಏನು? ನಿಮ್ಮ ಟೀಚರಮ್ಮನ ಕೈಗಿಂತ ಮೆತ್ತಗೈತೆ!"

ಹುಡುಗಿಯರು ಒಂದು ತಿಂಗಳ ಮೇಲೆ ಮೊದಲ ಸಲ ನಕ್ಕರು. ಅಂದಿನಿಂದ ಯಾರೂ ಬೀಳಲಿಲ್ಲ. ಯುಗಾದಿಯ ಹೊತ್ತಿಗೆ ಶಾಲೆಯಲ್ಲಿ ಮತ್ತೆ ಐವತ್ತೇಳು ಮಂದಿಯಾದರು. ಮೂವರಿಗೆ ಮಾತ್ರ ಅಷ್ಟರೊಳಗೆ ಮದುವೆಯಾಗಿತ್ತು. ಅವರನ್ನು ನಾನು ಇನ್ನೂ ಮರೆತಿಲ್ಲ.

ಆ ಶಾಲೆಯಲ್ಲಿ ಇನ್ನೂ ಆರು ವರ್ಷ ಇದ್ದೆ. ಕೈ ನನಗೆ ಆಮೇಲೂ ಎರಡು ಸಲ ಕಂಡಿತು. ಎರಡು ಸಲವೂ ಗುರುವಾರದವರೆಗೆ ಕಾದು ಅಜ್ಜಿಗೆ ಹೇಳಿದೆ. ಕೈಯ ಸುದ್ದಿ ಮಾತ್ರವಲ್ಲ, ಕಟ್ಟಡದ ಜಗಳ, ಸಾಹೇಬರ ಸಿಟ್ಟು, ನನ್ನ ಮದುವೆ ಮುರಿದದ್ದು, ಎಲ್ಲವನ್ನೂ ಹೇಳಿದೆ. ಅವರು ಬುದ್ಧಿ ಹೇಳಿದವರಲ್ಲ. ಕೈ ಹಿಂಡುತ್ತ ಕೇಳುವರು, ಸಡಿಲವಾದಾಗ ಬಳೆ ಏರಿಸಿ ಎದ್ದು ಹೋಗುವರು. ಮುಂದೆ ದೊಡ್ಡ ದೊಡ್ಡ ಶಾಲೆ ನಡೆಸಿದೆ. ನನ್ನ ಧೈರ್ಯದ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ನಾಚಿಕೆಯಾಗುತ್ತದೆ.

ಅವರು ತೀರಿಕೊಂಡ ಸುದ್ದಿ ನನಗೆ ಕಡೂರಿನಲ್ಲಿ ತಡವಾಗಿ ಸಿಕ್ಕಿತು. ಎಂಬತ್ತರ ದಶಕ ಅರ್ಧ ದಾಟಿತ್ತು. ಅಜ್ಜಂಪುರದ ಸ್ಟೇಷನ್ನಿನ ಹಿಂದಿನ ಮನೆಗೆ ಹೋದೆ. ಮಗಳು ಚಾಪೆ ಹಾಸಿ ಚಹಾ ಕೊಟ್ಟರು. ಮಾತಿಗೆ ಮಾತು ಬಂದು ಕೇಳಿದೆ: "ಅಮ್ಮನಿಗೆ ಆ ಕೈ ಆಮೇಲೂ ಕಾಣ್ತಿತ್ತಾ?"

ಆಕೆ ಚಾಪೆಯ ಮೇಲೆ ನನ್ನ ಎದುರಿಗೆ ಕೂತರು.

"ಅಮ್ಮಂಗೆ ಏನೂ ಕಂಡಿಲ್ಲ ಟೀಚರಮ್ಮ. ಒಂದಿನಾನೂ ಕಂಡಿಲ್ಲ. ಉಗುರು, ಮಣ್ಣು ಅಂತೆಲ್ಲ ನೀವ್ ಹೇಳಿದ್ದನ್ನೇ ತಿರುಗ್ಸಿ ನಿಮ್ಗೇ ಹೇಳಿದ್ಲಂತೆ. ಬಳೆ ತೊಡ್ಸಿದ್ದೂ ಮಕ್ಳಿಗೆ ಧೈರ್ಯ ಬರ್ಲಿ ಅಂತ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಆದ್ರೆ ಮೊದ್ಲನೇ ಬಳೆ ಏರ್ಸೋವಾಗ ಏನೋ ತಣ್ಣಗೆ ಅವ್ಳ ಬೆರಳು ಹಿಡ್ಕಂತಂತೆ. ಹನ್ನೆರಡು ಮುಗ್ಯೋವರ್ಗೂ ಬಿಡ್ಲಿಲ್ಲಂತೆ. ಮನೆಗ್ ಬಂದೋಳೇ ಮಲಗಿದ್ಲು, ಆರು ದಿನ ಜ್ವರ. ಬುಧವಾರ ಮಲಾರ ಕಟ್ಟೋಕ್ ಕೂತ್ಲು. ಕಾಲಿಗ್ ಬಿದ್ದೆ ಟೀಚರಮ್ಮ, ಆ ಸ್ಕೂಲಿಗ್ ಮಾತ್ರ ಹೋಗ್ಬೇಡ ಅಂತ. ಕೇಳ್ಲಿಲ್ಲ. 'ನಾಳೆ ಗುರುವಾರ ಕಣೇ, ಅಲ್ಲಿ ಆ ಟೀಚರ್ ಹುಡ್ಗಿ ಒಬ್ಳೇ ಇರ್ತಾಳೆ' ಅಂದ್ಲು."