ಕಟಿಂಗ್ ಅಣ್ಣನ ಕೊನೆಯ ಓಟು

ನಮ್ಮ ನಗರದ ಉದ್ಯಾನ ಮಂಡಳಿಯಲ್ಲಿ ಏಳು ಜನ. ನೇಮಿಸುವವರು ಮೇಯರ್, ಅವಧಿ ಮೂರು ವರ್ಷ. ಅವಧಿ ಮುಗಿದರೂ ಹೊಸಬರು ಪ್ರಮಾಣವಚನ ಸ್ವೀಕರಿಸುವ ತನಕ ಹಳಬರೇ ಸದಸ್ಯರು. ಹಾಗಾಗಿ ಕಟಿಂಗ್ ಶಾಪಿನ ಅಣ್ಣ ತಮ್ಮ ಅವಧಿ ಮುಗಿದ ಮೇಲೂ, ಅಂಗಿಗೆ ಅಂಟಿದ ಗಿರಾಕಿಗಳ ಕೂದಲು ಕೊಡವಿಕೊಂಡು ಪ್ರತಿ ಸಭೆಗೆ ಬರುತ್ತಿದ್ದರು.

ಅವರ ಜಾಗಕ್ಕೆ ನೇಮಕವಾದವನು ನಾನು, ನಮ್ಮ ಮನೆಯ ಮೊದಲ ಪದವೀಧರ. ಊರಲ್ಲಿ ಹುಲ್ಲು ಕೊಯ್ದು ಹೊತ್ತವನಿಗೆ, ಹುಲ್ಲಿನ ಮೇಲೆ ಕಾಲಿಡಬಾರದು ಎನ್ನುವ ಉದ್ಯಾನದ ವಿಷಯ ಏನು ಗೊತ್ತು? ಆದರೂ ನಿಯಮಾವಳಿಯನ್ನು ಪರೀಕ್ಷೆಗೆಂಬಂತೆ ಬಾಯಿಪಾಠ ಮಾಡಿದೆ. ಪ್ರಮಾಣವಚನ ನೋಡಲು ಅಮ್ಮನನ್ನೂ ಊರಿಂದ ಕರೆಸಿದೆ.

ಸಭೆಗೆ ಮುಂಚೆ ಅಣ್ಣ ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದರು.

"ಸಾರ್, ಇವತ್ತು ಬೆಂಚಿನ ವಿಷಯ ಇದೆ. ಪಾರ್ಕಿನ ಏರು ದಾರಿ ಮಧ್ಯ ಒಂದು ಬೆಂಚು ಬೇಕು ಅಂತ. ನಮ್ಮನೆಯವಳಿಗೆ ಮೊಣಕಾಲು ನೋವು. ಅರ್ಧ ದಾರೀಲಿ ನಿಂತು 'ನೀವೇ ಹೋಗ್ಬನ್ನಿ' ಅಂತಾಳೆ. ಅವಳು ಮೇಲಿರೋ ಆ ಕೊಳ ನೋಡಿ ಎಷ್ಟು ಕಾಲ ಆಯ್ತೋ! ಮೂರು ಜನ ಹೂಂ, ಮೂರು ಜನ ಊಹೂಂ. ಉಳಿದಿರೋದು ನನ್ನ ಓಟು."

"ಅಷ್ಟೇ ತಾನೆ? ನಾನೇ ಹಾಕ್ತೀನಿ ಬಿಡಿ," ಎಂದೆ ದೊಡ್ಡ ಗಂಟಲಲ್ಲಿ.

ಅಷ್ಟರಲ್ಲಿ ಬಾಯಿಪಾಠ ಅಡ್ಡ ಬಂತು. ಅಹವಾಲು ಕೇಳುವಾಗ ಇಲ್ಲದಿದ್ದ ಸದಸ್ಯ ಆ ವಿಷಯಕ್ಕೆ ಮತ ಹಾಕುವಂತಿಲ್ಲ; ಬೆಂಚಿನ ಅಹವಾಲು ಹಿಂದಿನ ಸಭೆಯಲ್ಲೇ ಮುಗಿದಿತ್ತು. ಸಮಸಮವಾದರೆ ಠರಾವು ಬಿದ್ದಂತೆ. ನಾನು ಕುರ್ಚಿಯಲ್ಲಿ ಕೂತರೆ ಅಣ್ಣನ ಓಟೂ ಇಲ್ಲ, ನನ್ನದೂ ಇಲ್ಲ, ಬೆಂಚು ಹೋಯಿತು! ಪ್ರಮಾಣವಚನವೋ ಸಭೆಯ ಮೊದಲ ಕೆಲಸ.

ಅಧ್ಯಕ್ಷರು ಕರೆದರು. ಹಿಂದಿನ ಸಾಲಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಅಣ್ಣ ಕುರ್ಚಿಯಿಂದ ಅರ್ಧ ಎದ್ದಿದ್ದರು. ನಾನು ಗಂಟಲು ಹಿಡಿದುಕೊಂಡು ಪಿಸುಗುಟ್ಟಿದೆ:

"ಸ್ವರ ಕಟ್ಟಿದೆ ಸಾರ್. ಕೊನೆಗೆ ಇಟ್ಕೊಳ್ಳೋಣ."

"ಅಯ್ಯೋ, ಈಗ ತಾನೆ ಮೆಟ್ಟಿಲ ಹತ್ರ ಅಷ್ಟು ಜೋರಾಗಿ ಮಾತಾಡ್ತಿದ್ದೆಯಲ್ಲೋ ಮಗನೆ!" ಅಮ್ಮನ ದನಿ ಇಡೀ ಕೋಣೆಗೆ ಕೇಳಿತು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಇನ್ನೂ ಕೂತೇ ಇಲ್ಲ, ಆಗಲೇ ಮುಂದೂಡೋದು ಕಲ್ತಿದೀರಿ. ಒಳ್ಳೆ ಸದಸ್ಯರಾಗ್ತೀರಿ ಬಿಡಿ."

ಎಲ್ಲರೂ ನಕ್ಕರು. ನನ್ನ ಕಿವಿ ಕೆಂಪಾಯಿತು. ಪ್ರಮಾಣವಚನ ಕೊನೆಗೆ ಹೋಯಿತು; ಬೆಂಚು ಅಣ್ಣನ ಒಂದೇ ಓಟಿನಲ್ಲಿ ಗೆದ್ದಿತು.

ಅಣ್ಣ ಎದ್ದು, ಹೆಗಲ ಟವೆಲಿನಿಂದ ಕುರ್ಚಿಯನ್ನು ಪಟಪಟ ಕೊಡವಿದರು. "ಬನ್ನಿ ಸಾರ್, ಮುಂದಿನವರು ನೀವೇ."

ಉಳಿದವರು ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಅಧ್ಯಕ್ಷರು, ಅಣ್ಣ, ಅಮ್ಮ ಇಷ್ಟೇ ಜನರೆದುರು ಪ್ರಮಾಣವಚನ ಓದಿದೆ. ಸ್ವರ ನಿಜವಾಗಿಯೂ ನಡುಗಿತು.

"ಪಾಪ, ಗಂಟಲು ಕೆಟ್ಟೇ ಇದೆ," ಎಂದಳು ಅಮ್ಮ.

ಈಗ ಅಣ್ಣ ಮತ್ತು ಅವರ ಹೆಂಡತಿ ಅರ್ಧ ದಾರಿಯಲ್ಲಿ ಕೂತು, ದಣಿವಾರಿಸಿಕೊಂಡು, ಕೊಳದವರೆಗೂ ಹೋಗಿಬರುತ್ತಾರೆ. ಮಂಡಳಿಯಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದೇ. ಆಗ ನಾನಿನ್ನೂ ಸದಸ್ಯನೇ ಆಗಿರಲಿಲ್ಲ.