ನಾಲ್ಕು ತುಂಡಿನ ಸ್ಪೇರ್ ಹುಟ್ಟು

ಅವನನ್ನು ಎಲ್ಲರೂ ಹಲ್ಲುಮೇಸ್ತ್ರಿ ಎನ್ನುತ್ತಿದ್ದರು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಊರಿನ ಎಷ್ಟೋ ಮಂದಿ ಅವನು ಮಾಡಿದ ಹಲ್ಲಿನಲ್ಲಿ ನಗುತ್ತಿದ್ದರು, ಅದೇ ಹಲ್ಲು ಕಡಿದು ಜಗಳವನ್ನೂ ಆಡುತ್ತಿದ್ದರು. ಅವನ ಮುಖ ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೆಲ್ಲ ಬೇಸರಪಡುವ ಆಸಾಮಿ ಅವನಲ್ಲ. ಅವನಿಗಿದ್ದ ಕೊರಗು ಒಂದೇ, ಅವನ ದೋಣಿಯ ಮುಂದಿನ ಸೀಟಿನಲ್ಲಿ ಹೆಂಡತಿ ಒಮ್ಮೆಯೂ ಕೂತಿರಲಿಲ್ಲ.

ದೋಣಿ ಎಂದರೆ ಮಡಚಿಡುವ ಕಯಾಕು. ಒಳಗೆ ಕಡ್ಡಿಗಳ ಗೂಡು, ಹೊರಗೆ ದಪ್ಪ ಬಟ್ಟೆಯ ಹೊದಿಕೆ. ಬಿಚ್ಚಿದರೆ ಎರಡು ಚೀಲ. ಜೋಡಿಸಿದರೆ ಒಬ್ಬರ ಹಿಂದೊಬ್ಬರು ಇಬ್ಬರು ಕೂರುವಷ್ಟು ಉದ್ದ. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅದು ಬಾಗಿಲ ಹಿಂದೆ ನಿಂತಿರುತ್ತಿತ್ತು. ಹೆಂಡತಿ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. ಕಸ ಗುಡಿಸುವಾಗಲೆಲ್ಲ "ಸ್ವಲ್ಪ ಸರಿಯಮ್ಮಾ ತಾಯಿ" ಎಂದು ಅದನ್ನು ಪಕ್ಕಕ್ಕೆ ನೂಕುತ್ತಿದ್ದಳು.

ಅವಳಿಗೆ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹಾಗೆಂದು ಪುಕ್ಕಲಿಯೇನಲ್ಲ. ಲಾಂಡ್ರಿ ಅಂಗಡಿಯಲ್ಲಿ ಬಟ್ಟೆ ಸರಿಪಡಿಸುವ ಕೆಲಸ ಅವಳದು. ದೊಗಳೆ ಪ್ಯಾಂಟಿನ ಸೊಂಟ ಹಿಡಿಯುವುದು, ಉದ್ದ ಮಡಚುವುದು, ಹರಿದದ್ದನ್ನು ಕೂಡಿಸುವುದು. ಎಲ್ಲಿ ಹಿಡಿದಿದ್ದಾಳೆಂದು ಬಟ್ಟೆಯ ಒಡೆಯನೇ ಹುಡುಕಿದರೂ ಸಿಗುತ್ತಿರಲಿಲ್ಲ, ಅಂಥ ಹೊಲಿಗೆ. ಗಿರಾಕಿಗಳನ್ನು ಗದರಿಸಿ ಕಳಿಸುವವಳು ನೀರಿನ ಮಾತೆತ್ತಿದರೆ ಮಾತ್ರ ಮಗುವಾಗುತ್ತಿದ್ದಳು. ಹಾಗಾಗಿ ಮುಂದಿನ ಸೀಟಿಗೆ ಬರುತ್ತಿದ್ದವನು ಅವಳ ತಮ್ಮ. ಅವಳು ಎತ್ತಿ ಆಡಿಸಿದ ತಮ್ಮ, ಮೇಸ್ತ್ರಿಗೂ ಕಣ್ಣೆದುರಿಗೇ ಬೆಳೆದ ಬಾಮೈದ. ಬಾಯಿಬಡುಕ, ಆದರೆ ಹುಟ್ಟು ಹಾಕುವುದರಲ್ಲಿ ಗಟ್ಟಿಗ.

ಒಂದು ದಿನ ಮೇಸ್ತ್ರಿ ಬಿಡದೆ ಕಾಡಿದಾಗ ಅವಳು ತಪ್ಪಿಸಿಕೊಳ್ಳಲು ಕೇಳಿದಳು: "ಕೈಲಿರೋ ಹುಟ್ಟು ನೀರಿಗೆ ಬಿದ್ಹೋದ್ರೆ ಏನ್ರೀ ಗತಿ? ಕೈಯಲ್ಲಿ ನೀರು ತಳ್ಕೊಂಡು ಬರ್ತೀರಾ?"

ಬೇರೆ ಯಾರಾದರೂ ಅದನ್ನು ನೆಪ ಎಂದುಕೊಳ್ಳುತ್ತಿದ್ದರು. ಈ ಪುಣ್ಯಾತ್ಮ ಅದನ್ನು ಅಪ್ಪಣೆ ಎಂದುಕೊಂಡ. ಮರುದಿನವೇ ಅಂಗಡಿಗೆ ಹೋಗಿ ಸ್ಪೇರ್ ಹುಟ್ಟು ತೋರಿಸಿ ಎಂದ.

ಎರಡು ತುಂಡಿನದು ಚೀಲಕ್ಕೂ ಹಿಡಿಯುವುದಿಲ್ಲ, ದೋಣಿಯಲ್ಲಿ ಸೀಟಿನ ಪಕ್ಕಕ್ಕೂ ಹಿಡಿಯುವುದಿಲ್ಲ. ನಾಲ್ಕು ತುಂಡಿನದೇ ಬೇಕು: ಎರಡು ತುದಿಗೆ ನೀರು ತಳ್ಳುವ ಎರಡು ಅಲಗು, ನಡುವೆ ಹಿಡಿಯಲು ಎರಡು ಕೊಳವೆ. ಆದರೆ ತುಂಡು ಹೆಚ್ಚಿದಷ್ಟೂ ಜೋಡಣೆ ಹೆಚ್ಚು, ಅಲುಗಾಟ ಹೆಚ್ಚು. ಮೇಸ್ತ್ರಿ ಅಂಗಡಿಯ ನೆಲದ ಮೇಲೆಯೇ ಕೂತು ಒಂದೊಂದನ್ನೂ ಜೋಡಿಸಿ, ಹಲ್ಲಿನ ಸೆಟ್ಟನ್ನು ಅಚ್ಚಿನ ಮೇಲೆ ಕೂರಿಸಿ ನೋಡುವ ಹಾಗೆ ಅಲುಗಿಸಿ ನೋಡಿದ. ಸ್ಪ್ರಿಂಗಿನ ಗುಂಡಿ ತೂತಿನಲ್ಲಿ ಟಕ್ ಎಂದು ಕೂರಬೇಕು. ಮೆತ್ತಗೆ ಕೂತದ್ದನ್ನೆಲ್ಲ ಪಕ್ಕಕ್ಕಿಟ್ಟ.

"ಸ್ಪೇರ್ ತಾನೇ ಸಾರ್, ಇದು ಸಾಕು," ಎಂದ ಅಂಗಡಿಯವನು, ಸಪೂರ ಅಲಗಿನದೊಂದನ್ನು ಮುಂದೆ ಹಿಡಿದು.

"ಸ್ಪೇರು ಕೈಗೆ ಬರೋದೇ ಕೆಟ್ಟ ದಿನ ಕಣಪ್ಪ. ಅವತ್ತು ಮಾಮೂಲಿ ಹುಟ್ಟಿಗಿಂತ ಒಂದು ಕೈ ಮೇಲೇ ಇರ್ಬೇಕು."

ಮನೆಗೆ ತಂದಾಗ ಹೆಂಡತಿ ತಲೆ ಚಚ್ಚಿಕೊಂಡಳು. ಆದರೂ ಅದಕ್ಕೊಂದು ಚೀಲ ಹೊಲಿದುಕೊಟ್ಟಳು. ನಾಲ್ಕು ತುಂಡಿಗೆ ನಾಲ್ಕು ಜೇಬು, ಒಂದೊಂದೂ ಆಯಾ ತುಂಡಿನ ಅಳತೆಗೆ. ಅಲ್ಲಾಡಿಸಿದರೆ ಸದ್ದಿಲ್ಲ. ಮೇಸ್ತ್ರಿ ಆ ಚೀಲವನ್ನು ದೋಣಿಯ ತುದಿಗೆ ತುರುಕಲಿಲ್ಲ. ಅಲ್ಲಿ ಅದು ಚೆನ್ನಾಗಿ ಕೂರುತ್ತಿತ್ತು ನಿಜ, ಆದರೆ ನೀರಿನ ನಡುವೆ ಅಲ್ಲಿಗೆ ಕೈ ಎಟುಕಬೇಕಲ್ಲ. ತನ್ನ ಬಲದೊಡೆಯ ಪಕ್ಕಕ್ಕೆ, ಎಳೆದರೆ ಬಿಚ್ಚಿಕೊಳ್ಳುವ ಒಂದೇ ಗಂಟಿನಲ್ಲಿ ಕಟ್ಟಿದ. ಪ್ರತಿ ಸಲ ದೋಣಿ ಇಳಿಸುವ ಮೊದಲು ದಡದಲ್ಲಿ ಅದನ್ನು ಪೂರ್ತಿ ಜೋಡಿಸಿ, ನೋಡಿ, ಬಿಚ್ಚಿ, ಒಳಗಿಡುತ್ತಿದ್ದ. ಬಾಮೈದ ಆಕಳಿಸುತ್ತಾ ಕಾಯುತ್ತಿದ್ದ. "ಭಾವ, ಮದುವೆ ಗಂಡಿಗೂ ಇಷ್ಟು ಅಲಂಕಾರ ಮಾಡಲ್ಲ!"

ಹಾಗೆ ವರ್ಷಗಳು ಕಳೆದವು. ಸ್ಪೇರ್ ಹುಟ್ಟು ಒಮ್ಮೆಯೂ ನೀರು ಮುಟ್ಟಲಿಲ್ಲ, ಮುಂದಿನ ಸೀಟಿಗೆ ಹೆಂಡತಿಯೂ ಬರಲಿಲ್ಲ.

ಆಮೇಲೊಂದು ರಜಾದಿನದ ಬೆಳಿಗ್ಗೆ ಬಾಮೈದ ಸೊಂಟ ಹಿಡಿದುಕೊಂಡು ಬಂದ. "ಭಾವ, ನಂಗಾಗಲ್ಲ ಇವತ್ತು," ಎಂದು ಗೋಡೆ ನೋಡುತ್ತಾ ಹೇಳಿದ. ಮೇಸ್ತ್ರಿ ಪೆಚ್ಚಾಗಿ ಚೀಲ ಕೆಳಗಿಡುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು: "ನಾನು ಬರ್ತೀನಿ ಬಿಡಿ."

ಅವನು ತನ್ನ ಕಿವಿಯನ್ನೇ ನಂಬಲಿಲ್ಲ. ದಾರಿಯುದ್ದಕ್ಕೂ ಕಾರಣವಿಲ್ಲದೆ ನಕ್ಕ. ಅವಳಿಗೆ ನೀರಿನ ಮಟ್ಟ, ಗಾಳಿಯ ದಿಕ್ಕು, ಲೈಫ್ ಜಾಕೆಟ್ಟಿನ ಪಟ್ಟಿ ಎಲ್ಲವನ್ನೂ ಹೇಳಿದ್ದೇ ಹೇಳಿದ್ದು. ದಡದಲ್ಲಿ ದೋಣಿ ಜೋಡಿಸಿದ ಮೇಲೆ ಅಭ್ಯಾಸಬಲದಿಂದ ಸ್ಪೇರಿನ ಚೀಲಕ್ಕೆ ಕೈಹಾಕಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ಇವತ್ತೂ ಬೇಕಾ ಅದು? ನಾನು ನಿಮ್ಮನ್ನ ನಂಬಿ ಬಂದಿಲ್ವಾ? ನನ್ನ ಹೊಲಿಗೇನ ಒಂದು ದಿನ ನೀವೂ ನಂಬಿ."

ಅಷ್ಟು ಸಾಕಾಯಿತು. ಚೀಲವನ್ನು ಬಿಚ್ಚದೆ ದೋಣಿಯಲ್ಲಿ ಕಟ್ಟಿದ.

ಕೆರೆ ದೊಡ್ಡದು, ಆ ದಡ ಈ ದಡಕ್ಕೆ ಕಾಣದಷ್ಟಲ್ಲ, ಆದರೆ ಕೂಗಿದರೆ ಕೇಳದಷ್ಟು. ಬಾಮೈದನ ಹುಟ್ಟು ಮನೆಯಲ್ಲೇ ಉಳಿದಿತ್ತು, ಅವಳಿಗೆ ಹುಟ್ಟು ಕೊಟ್ಟಿರಲಿಲ್ಲ. ಎರಡೂ ಅಂಚು ಬಿಗಿಯಾಗಿ ಹಿಡಿದು ಮುಂದೆ ಕೂತಿದ್ದಳು. ಹಿಂದಿನಿಂದ ಅವನಿಗೆ ಕಾಣುತ್ತಿದ್ದುದು ಅವಳ ಬೆನ್ನು, ಕಟ್ಟಿದ ಕೂದಲು, ಬಿಗಿದ ಭುಜ. ಅರ್ಧ ಕೆರೆ ದಾಟುವ ಹೊತ್ತಿಗೆ ಗಾಳಿ ಎದ್ದಿತು. ಒಂದು ಅಲೆ ಪಕ್ಕದಿಂದ ಬಡಿದದ್ದೇ ಅವಳು ಕಿರುಚಿ, ಎದ್ದು ಹಿಂದಕ್ಕೆ ತಿರುಗಲು ಹೋದಳು. ದೋಣಿ ಒಂದು ಕಡೆಗೆ ವಾಲಿತು. ಮೇಸ್ತ್ರಿ ಎರಡನೆಯ ಯೋಚನೆ ಮಾಡಲಿಲ್ಲ. ಹುಟ್ಟು ಬಿಟ್ಟು, ಎರಡೂ ಕೈಯಲ್ಲಿ ಅವಳ ಭುಜ ಹಿಡಿದು ಕೂರಿಸಿದ. ದೋಣಿ ನೆಟ್ಟಗಾಯಿತು. ಹುಟ್ಟು ಗಾಳಿಯ ಜೊತೆ ದೂರ ಹೋಯಿತು.

"ಹೋಗ್ಲಿ ಬಿಡು," ಎಂದ ಅವನು, ನಗುತ್ತಲೇ. "ಇಂಥ ದಿನಕ್ಕೇ ತಾನೇ ಸ್ಪೇರು?"

ಅವಳ ಬೆನ್ನು ಕಲ್ಲಾಯಿತು. ಹೆದರಿಕೆ ಎಂದುಕೊಂಡ ಅವನು. ಗಂಟು ಎಳೆದ, ಚೀಲ ಮಡಿಲಿಗೆ ಬಂತು. ಒಂದು ಅಲಗು ಬಂತು. ಕೊಳವೆ ಬಂತು. ಎರಡನ್ನೂ ಕೂಡಿಸಿದ, ಟಕ್ ಎಂದಿತು. ಮೂರನೆಯ ಜೇಬಿಗೆ ಕೈಹಾಕಿದ. ಬಂದದ್ದು ನೆಲ ಒರೆಸುವ ಕೋಲಿನ ತುಂಡು, ಹಳೆಯ ಬಟ್ಟೆ ಸುತ್ತಿ ಕೊಳವೆಯಷ್ಟೇ ದಪ್ಪ ಮಾಡಿದ್ದು.

ಮೊದಲಿಗೆ ಅವನಿಗೆ ಅರ್ಥವೇ ಆಗಲಿಲ್ಲ. ಬಾಮೈದನ ಮುಖ ಕಣ್ಣಮುಂದೆ ಬಂತು, ಗೋಡೆ ನೋಡುತ್ತಾ ಆಡಿದ ಮಾತು ನೆನಪಾಯಿತು, ಮೈಯೆಲ್ಲ ಉರಿಯಿತು. ಆಮೇಲೆ ಅವನ ಬೆರಳು ಜೇಬಿನ ತಳ ಮುಟ್ಟಿತು. ಕೋಲು ಕೊಳವೆಗಿಂತ ಗಿಡ್ಡ. ಅದು ಒಳಗೆ ಕುಲುಕದಿರಲೆಂದು ಜೇಬನ್ನು ಮೇಲಕ್ಕೆ ಹಿಡಿದು ಹೊಲಿದಿದ್ದರು. ಎಲ್ಲಿ ಹಿಡಿದಿದ್ದಾರೆಂದು ಕಣ್ಣಿಗೆ ಕಾಣದಂಥ ಹೊಲಿಗೆ.

"ನೀನು ಹೊಲಿದದ್ದಾ ಇದು?"

"ಹ್ಞೂಂ," ಎಂದಿತು ಬೆನ್ನು.

ಉಳಿದ ಅಲಗು ಆ ಒಂದು ಕೊಳವೆಯ ಇನ್ನೊಂದು ತುದಿಗೆ ಕೂರುತ್ತಿರಲಿಲ್ಲ. ಅರ್ಧ ಹುಟ್ಟಿನಲ್ಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೀರು ತಳ್ಳುತ್ತಾ ಅವನು ದೋಣಿಯನ್ನು ದಡದತ್ತ ತಿರುಗಿಸಿದ. ಗಾಳಿ ಪದೇಪದೇ ಆಚೆಗೆ ನೂಕುತ್ತಿತ್ತು. ತೋಳು ಕಿತ್ತು ಬರುವ ಹಾಗಾದರೂ ಅವನು ನಿಲ್ಲಿಸಲಿಲ್ಲ.

ಅವಳೇ ಮಾತೆತ್ತಿದಳು. "ತಮ್ಮ ಫ್ರೆಂಡ್ಸ್ ಜೊತೆ ಹೋದಾಗ ಈ ಸ್ಪೇರನ್ನ ಕೇಳದೇನೇ ತಗೊಂಡು ಹೋಗಿದ್ದ. ಟೆಂಟಿಗೆ ಕೋಲು ಸಾಲ್ಲಿಲ್ಲ ಅಂತ ಒಂದು ಕೊಳವೇನ ನಿಲ್ಸಿದ್ನಂತೆ, ಮುರೀತು. ಭಾವ ಇನ್ನು ನನ್ನ ಮುಖ ನೋಡಲ್ಲ ಅಂತ ಅತ್ತ ಕಣ್ರೀ. ಅಂಗಡೀಲಿ ಆ ತುಂಡಿಗೆ ಹೇಳಿದೀವಿ. ಬಂದ ಮೇಲೆ ಸದ್ದಿಲ್ಲದೆ ಹಾಕಿಬಿಡೋಣ ಅಂತ..."

"ಅದಿರ್ಲಿ. ಇವತ್ತು ನೀನ್ಯಾಕೆ ಬಂದೆ?"

ಅವಳು ಮುಂದಿನ ನೀರು ನೋಡುತ್ತಲೇ ಹೇಳಿದಳು.

"ಅವನು ಬಂದ್ರೆ ನೀವು ಚೀಲ ಬಿಚ್ಚಿ ನೋಡ್ತೀರಿ. ನಾನು ಬಂದು ಬೇಡ ಅಂದ್ರೆ ಬಿಡ್ತೀರಿ ಅಂತ ಗೊತ್ತಿತ್ತು."

ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಸಾಯುವಷ್ಟು ಹೆದರುವ ನೀರಿಗೆ ಆಕೆ ಸ್ಪೇರಿಲ್ಲವೆಂದು ತಿಳಿದೂ ಇಳಿದಿದ್ದಳು, ಅದೇನು ಸಣ್ಣ ಮಾತಲ್ಲ. ಆದರೆ ಇಳಿದದ್ದು ತಮ್ಮನಿಗಾಗಿ. ಇಷ್ಟು ವರ್ಷ ಗಂಡ ಅಂಗಲಾಚಿದರೂ ಇಳಿಯದವಳು. ಬೆಳಗಿನಿಂದ ತಾನು ಹುಚ್ಚನ ಹಾಗೆ ನಕ್ಕದ್ದೆಲ್ಲ ನೆನಪಾಗಿ ಮೇಸ್ತ್ರಿಗೆ ನಾಚಿಕೆಯಾಯಿತು. ಅವಳು ಹಿಂದೆ ತಿರುಗಿ ನೋಡುವ ಹಾಗಿರಲಿಲ್ಲವಲ್ಲ, ಅವನು ಅತ್ತುಬಿಟ್ಟ.

ದಡ ಮುಟ್ಟಿದ ಮೇಲೆ "ಬೈಯ್ರೀ, ಏನಾದ್ರೂ ಅನ್ನಿ," ಎಂದಳು. ಅವನು ಕಡ್ಡಿಗಳನ್ನು ಒರೆಸಿ ಒಂದೊಂದಾಗಿ ಚೀಲಕ್ಕಿಟ್ಟ. ಬಾಮೈದ ಮನೆಗೆ ಬಂದು ಕಾಲು ಹಿಡಿದುಕೊಂಡಾಗ "ಏಳೋ, ಹೋಗ್ಲಿ" ಎಂದುಬಿಟ್ಟ. ನಿಜಕ್ಕೂ ಅವನ ಮೇಲೆ ಸಿಟ್ಟು ಉಳಿದಿರಲಿಲ್ಲ. ಕಳೆದ ಹುಟ್ಟಿನ ಬದಲು ಇನ್ನೊಂದು ಬಂತು, ಸ್ಪೇರಿನ ಹೊಸ ಕೊಳವೆಯೂ ಬಂತು, ಜೇಬಿನ ಹೊಲಿಗೆಯನ್ನು ಹೆಂಡತಿಯೇ ಬಿಚ್ಚಿ ಮೊದಲಿನಂತೆ ಮಾಡಿಟ್ಟಳು. ಮನೆಯಲ್ಲಿ ಊಟ, ಮಾತು, ನಗು ಎಲ್ಲ ಮೊದಲಿನ ಹಾಗೇ ನಡೆಯಿತು.

ಮೇಸ್ತ್ರಿ ಈಗ ನೀರಿಗಿಳಿಯುವಾಗ ಸ್ಪೇರ್ ಹುಟ್ಟನ್ನು ಚೀಲದಲ್ಲಿ ಇಡುವುದಿಲ್ಲ. ದಡದಲ್ಲಿಯೇ ನಾಲ್ಕೂ ತುಂಡು ಜೋಡಿಸಿ, ಪೂರ್ತಿ ಹುಟ್ಟನ್ನು ಮುಂದಿನ ಸೀಟಿನ ಮೇಲಿಂದ ಉದ್ದಕ್ಕೆ ಮಲಗಿಸಿ ಪಟ್ಟಿ ಬಿಗಿಯುತ್ತಾನೆ. ಕಣ್ಣೆದುರಿಗೇ ಇರುತ್ತದೆ, ಕೈಗೂ ಸಿಗುತ್ತದೆ. ಹೋಗುವುದು ಒಬ್ಬನೇ.

ಮೊನ್ನೆ ಅವನು ಎರಡು ಚೀಲ ಹೆಗಲಿಗೇರಿಸಿ ಹೊರಟಾಗ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು, ಹೊಸ ಹುಡುಗಿಯ ಹಾಗೆ ತಡವರಿಸಿ ಕೇಳಿದಳು.

"ರೀ... ನಾನೂ ಬರ್ಲಾ? ನಿಜವಾಗ್ಲೂ."

ನಿಜವಾಗಿಯೇ ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

"ಜಾಗ ಇಲ್ಲ ಕಣೇ," ಎಂದು ಹೇಳಿ ಮೆಟ್ಟಿಲಿಳಿದ.