ರೇವಣಪ್ಪನ ಚೀನಿ ಭಾಷೆ

"ನಲವತ್ತೊಂದು ಸಿನಿಮಾದಾಗ ಹೀರೋನ ಜೋಡಿ ಹೊಡೆದಾಡೀನ್ರಿ. ಒಂದರಾಗೂ ಅವ ನನ್ನ ಮಾರಿಗೆ ಮಾರಿ ಕೊಟ್ಟು ನಿಲ್ಲಲಿಲ್ಲ."

ಭಾಲ್ಕಿ ಕಡೆಯ ರೇವಣಪ್ಪ ಮೊದಲ ಭೇಟಿಯಲ್ಲೇ ಎದೆಯುಬ್ಬಿಸಿ ಹೀಗೆಂದಾಗ ನಾನು ನಂಬಿಬಿಟ್ಟೆ. ನಂಬದೆ ಇರುವುದು ಹೇಗೆ? ನಾಶಿಕದ ಹತ್ತಿರದ ಲಾಸಲಗಾಂವ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಉಳ್ಳಾಗಡ್ಡಿ ಚೀಲ ಹೊತ್ತ ಹಮಾಲ. ಅವನ ಬೆನ್ನ ಮೇಲೆ ಹೆಲಿಕಾಪ್ಟರ್ ಇಳಿಸಿ, ಪಕ್ಕದಲ್ಲಿ ಪೈಲಟ್‌ಗೆ ಚಹಾದಂಗಡಿಯನ್ನೂ ಇಡಬಹುದಿತ್ತು.

ಆಮೇಲೆ ಮೊಬೈಲಿನಲ್ಲಿ ಅವನ ಒಂದು ಸಿನಿಮಾ ನೋಡಿದೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹೀರೋ ಯಾವಾಗಲೂ ಹಿಂದಿನಿಂದ ಬಂದು ಆ ಬೆನ್ನಿಗೆ ಒದೆಯುತ್ತಿದ್ದ. ರೇವಣಪ್ಪ ಮುಖ ಅಡಿಯಾಗಿ ಬೀಳುತ್ತಿದ್ದ. ನಲವತ್ತೊಂದು ಸಿನಿಮಾಗಳಲ್ಲಿ ಅವನ ಮುಖ ಕಂಡದ್ದು ನಾಶಿಕ ಜಿಲ್ಲೆಯ ಮಣ್ಣಿಗೆ ಮಾತ್ರ.

ಸಿನಿಮಾ ಎಂದು ಕರೆಯುವುದೂ ಆ ಶಬ್ದಕ್ಕೆ ಮಾಡುವ ಅನ್ಯಾಯವೇ. ಹಾಂಗ್‌ಕಾಂಗಿನ ಆ ಜಗತ್ಪ್ರಸಿದ್ಧ ಕುಂಗ್‌ಫೂ ವೀರ ತೀರಿಕೊಂಡು ಐವತ್ತು ವರ್ಷ ದಾಟಿತು. ಅವನ ನಕಲುಗಳು ಮಾತ್ರ ಮೂಲೆಯಲ್ಲಿ ಬಿದ್ದ ಬಟಾಟೆಯ ಹಾಗೆ ಇನ್ನೂ ಮೊಳೆಯುತ್ತಲೇ ಇವೆ. ನಾಶಿಕದಲ್ಲಿ ಆ ಮೊಳಕೆಗೆ ನೀರು ಹಾಕುವವನು ಅತುಲ್ ಎಂಬ ಮದುವೆ ವಿಡಿಯೋದವನು. ಹೀರೋ ಅವನ ಭಾವಮೈದುನ ಉತ್ಕರ್ಷ. ಹೀಗಾಗಿ ಆ ಹುದ್ದೆ ಸರಕಾರಿ ನೌಕರಿಗಿಂತ ಭದ್ರ. ವೀರನ ಹಳದಿ ಉಡುಪನ್ನು ಯಾವುದೋ ಅರಿಶಿನ ಶಾಸ್ತ್ರದ ಮಂಟಪದ ಬಟ್ಟೆಯಲ್ಲಿ ಹೊಲಿಸಿದ್ದರು. ಅದರ ಮೇಲಿನ ಕರಿ ಪಟ್ಟಿ ಕರೆಂಟಿನ ತಂತಿಗೆ ಸುತ್ತುವ ಟೇಪು. ಎರಡು ಲಟ್ಟಣಿಗೆಗಳ ನಡುವೆ ನಾಯಿ ಸರಪಳಿ ಕಟ್ಟಿದರೆ ಆಯುಧ ಸಿದ್ಧ. ಉತ್ಕರ್ಷ ಅದನ್ನು ಮೊದಲ ಸಲ ಬೀಸಿದಾಗ ತನ್ನ ಹಣೆಗೇ ಬಡಿದುಕೊಂಡ. ಎದ್ದ ಬುಗುಟು ಇಳಿಯುವುದರೊಳಗೆ ಅದನ್ನು ಯುದ್ಧದ ಗಾಯವೆಂದು ನಾಲ್ಕು ಸಿನಿಮಾಗಳಿಗೆ ಬಳಸಿಕೊಂಡರು. ಅವನು ಕೀಚಲು ದನಿಯಲ್ಲಿ ಕೂಗಿದರೆ ಪಿಂಪಳಗಾಂವ್ ತೋಟಗಳಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಒಣಗಿ ಒಣದ್ರಾಕ್ಷಿಯಾಗುತ್ತಿತ್ತು.

ಕತೆ ಒಂದೇ. ಗುರುವನ್ನು ಕೊಲ್ಲುತ್ತಾರೆ, ಶಿಷ್ಯ ಸೇಡು ತೀರಿಸಿಕೊಳ್ಳುತ್ತಾನೆ. ಇಪ್ಪತ್ತು ಜನ ದುಷ್ಟರು ರೇಷನ್ ಅಂಗಡಿಯ ಮುಂದೆ ನಿಂತವರಂತೆ ಪಾಳಿಯಲ್ಲಿ ನಿಂತು, ಒಬ್ಬೊಬ್ಬರಾಗಿ ಬಂದು ಒದೆಸಿಕೊಂಡು ಹೋಗುತ್ತಾರೆ. ದುಷ್ಟರೆಲ್ಲ ರೇವಣಪ್ಪನ ಜೊತೆಯ ಹಮಾಲರೇ. ಅವರಲ್ಲಿ ಹಿಂದಿನಿಂದ ಬಂದ ಪದ್ಧತಿಯೆಂದರೆ ಅಮಾವಾಸ್ಯೆಯ ದಿನ ಚೀಲ ಮುಟ್ಟುವುದಿಲ್ಲ. ಆ ರಜೆಯಲ್ಲಿ ಖಾಲಿ ಬಿದ್ದ ಮಾರುಕಟ್ಟೆಯೇ ಚೀನಾ ದೇಶ. ಬೆಳಿಗ್ಗೆ ಆರಂಭ, ಸಂಜೆಗೆ ಮುಕ್ತಾಯ. ಅಮಾವಾಸ್ಯೆಗೊಂದು ಸಿನಿಮಾ.

ನಲವತ್ತೊಂದು ಸಲ ಸತ್ತು ಬೇಸತ್ತ ಹಳೆಯ ಗುರು, ಇನ್ನು ಸಾಯಲಾರೆ ಎಂದು ಹೇಳಿ ಖುಲ್ತಾಬಾದಿಗೆ ಹೂ ಮಾರಲು ಹೋದ. ಅದೇ ಹೊತ್ತಿಗೆ, ಚೀನಾದ ಗುರು ಶುದ್ಧ ಮರಾಠಿ ಮಾತಾಡುವುದು ಹೇಗೆಂದು ನೋಡುಗನೊಬ್ಬ ಮೊಬೈಲಿನಲ್ಲಿ ಕೇಳಿಬಿಟ್ಟಿದ್ದ. ಚೀನಿ ಬಲ್ಲ ಗುರು ಬೇಕೆಂದು ಅತುಲ್ ಪರದಾಡುತ್ತಿದ್ದಾಗ ರೇವಣಪ್ಪ ಕೈ ಎತ್ತಿದ. ಚೀಲದ ಸೆಣಬು ಬಿಚ್ಚಿ ಅವನ ಗಲ್ಲಕ್ಕೆ ಗಡ್ಡ ಅಂಟಿಸಿದರು.

ಮನೆಯಲ್ಲಿ ಅವನ ಹೆಂಡತಿ ಶಾಂತಾಬಾಯಿ ಅಷ್ಟೂ ಸಿನಿಮಾಗಳಲ್ಲಿ ಗಂಡನ ಬೆನ್ನನ್ನಷ್ಟೇ ನೋಡಿದ್ದಳು. "ಈ ಸಲನರ ಮಾರಿ ತೋರಸ್ರಿ. ಮಂದಿ ನಂಬವಲ್ರು, ನಿಮ್ಮ ಗಂಡ ಯಾವಾಂವ ಅಂತ ಕೇಳ್ತಾರ" ಎಂದಿದ್ದಳಂತೆ. ರೇವಣಪ್ಪನಿಗೆ ಬೇಕಾಗಿದ್ದುದೂ ಅಷ್ಟೇ. ತನ್ನ ಮುಖ ಒಂದು ಸಲ, ಎರಡೇ ನಿಮಿಷ, ಪರದೆಯ ಮೇಲೆ ಉಳಿಯಬೇಕು.

ಸಂಭಾಜಿನಗರದ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಆ ಹೊಸ ಸಿನಿಮಾವನ್ನು ಮೊದಲು ತೋರಿಸಬೇಕೆಂದು ಅವನು ಕಾರ್ಯದರ್ಶಿಯಾದ ನನ್ನ ಬೆನ್ನು ಹತ್ತಿದ. ಒಂದಿಷ್ಟು ನಗೆಯಾದರೂ ಆದೀತೆಂದು ಒಪ್ಪಿದೆ. ಆ ದಿನ ಮೊದಲು ನನ್ನ ಭಾಷಣ. ಕನ್ನಡದ ಹಿರಿಮೆಯ ಬಗ್ಗೆ ಒಂದು ತಾಸು ಮಾತಾಡಿದೆ. ದೊಡ್ಡವರು ಉಪ್ಪಿಟ್ಟಿನ ವಾಸನೆ ಬರುವ ಕಡೆಗೆ ಮುಖ ಮಾಡಿ ಕೂತಿದ್ದರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವರು, ತಲೆ ತಗ್ಗಿಸಿ ಮೊಬೈಲಿನಲ್ಲಿ ಮುಳುಗಿದ್ದರು.

ಆಮೇಲೆ ಸಿನಿಮಾ ಶುರುವಾಯಿತು. ಅತುಲ್, ಉತ್ಕರ್ಷ ಇಬ್ಬರೂ ಬಂದು ಕೂತಿದ್ದರು. ಪರದೆಯ ಮೇಲೆ ಉತ್ಕರ್ಷ ಗುರುವಿನ ಮುಂದೆ ಮಂಡಿಯೂರಿದ. ಪರದೆಯ ತಳಭಾಗದಲ್ಲಿ, ಅತುಲ್ ತಾನೇ ಊಹಿಸಿ ಬರೆದ ಮರಾಠಿ ಸಾಲು ಮೂಡಿತು: ಶಿಷ್ಯಾ, ನಿನ್ನ ರಕ್ತದಲ್ಲಿ ಸಿಂಹ ಎದ್ದಿದೆ. ಗುರುವಿನ ಬಾಯಿಂದ ಬಂದ ಚೀನಿ ಮಾತ್ರ ಬೇರೆ.

"ಲೇ ತಮ್ಮಾ, ಒದ್ದಂಗ ಮಾಡು ಅಂದ್ರ ಖರೇನ ಒದಿತೀ. ನಲವತ್ತೊಂದು ಅಮಾಸಿ ಆತು, ಹೇಳಿ ಹೇಳಿ ಸಾಕಾತು. ಇದು ಬೆನ್ನೋ, ನಿಮ್ಮಪ್ಪನ ಡೋಲೋ? ಮತ್ತ ಆ ಕಾಲ ಎತ್ತೂದು ನೋಡು. ಕಂಬದ ಹಂತ್ಯಾಕ ನಾಯಿ ಎತ್ತಿದಂಗ ಕಾಣ್ತದ."

ಪರದೆಯ ಉತ್ಕರ್ಷ ಕಣ್ಣಲ್ಲಿ ನೀರು ತುಂಬಿಕೊಂಡು ಗುರುವಿನ ಪಾದಕ್ಕೆ ಹಣೆ ಹಚ್ಚಿದ.

ಮೊದಲು ನಕ್ಕವಳು ಸಂಘದ ಬ್ಯಾಂಕ್ ನೌಕರರೊಬ್ಬರ ಮಗಳು, ಹತ್ತು ವರ್ಷದ ರುಚಿತಾ. ಅವಳ ಕೈಯಿಂದ ಮೊಬೈಲು ಜಾರಿತು. ಆಮೇಲೆ ಮಕ್ಕಳ ಸಾಲು ಸಾಲೇ ಉರುಳಿತು. ದೊಡ್ಡವರ ನಗೆಗೆ ಮೇಲಿನ ಫ್ಯಾನುಗಳು ಹಿಂದುಮುಂದಾಗಿ ತಿರುಗಿದವು. ಉಪ್ಪಿಟ್ಟು ಬಂದರೂ ಒಬ್ಬರೂ ಏಳಲಿಲ್ಲ. ಅದನ್ನೇ ಮತ್ತೆ ಹಾಕಿ ಎಂದು ಮಕ್ಕಳು ಗದ್ದಲ ಎಬ್ಬಿಸಿದರು.

ಅತುಲ್‌ಗೆ ದಿಕ್ಕು ತೋಚಲಿಲ್ಲ. ಅವನೇನಂದ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದ. ನಾನು ಒಂದು ಮಾತೂ ಬಿಡದೆ, ಉಪ್ಪು ಖಾರ ಹಚ್ಚಿ ಹೇಳಿದೆ. ಉತ್ಕರ್ಷನ ಮುಖ ಅವನ ಉಡುಪಿಗಿಂತ ಹಳದಿಯಾಯಿತು. ಆ ದೃಶ್ಯ ಕತ್ತರಿಸದಿದ್ದರೆ ತಾನು ಇನ್ನು ಕಾಲೇ ಎತ್ತುವುದಿಲ್ಲವೆಂದ. ಕಲಾಲೋಕಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಅತುಲ್‌ಗೆ ಮನೆಯಲ್ಲಿ ಹೆಂಡತಿ, ಅಂದರೆ ಉತ್ಕರ್ಷನ ಅಕ್ಕ, ಇದ್ದಳು. ಅವನು ನನ್ನತ್ತ ತಿರುಗಿ, ನಾಳೆ ಇದು ಮೊಬೈಲಿಗೆ ಬಿಡಬೇಕು, ಈ ಭಾಷೆಯ ಹಿರಿಯರು ನೀವು, ಇರಲಿ ಎಂದರೆ ಇಡುತ್ತೇನೆ, ತೆಗೆ ಎಂದರೆ ತೆಗೆಯುತ್ತೇನೆ ಎಂದು ಕೈ ಮುಗಿದ.

ರೇವಣಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಶಾಂತಾಬಾಯಿ ಸೆರಗು ಹಿಡಿದು ಎದ್ದು ನಿಂತಿದ್ದಳು.

ನಾನು ಗಂಟಲು ಸರಿಪಡಿಸಿಕೊಂಡು, ತೆಗೆಯಿರಿ ಎಂದೆ. ಎರಡು ಸಾವಿರ ವರ್ಷದ ನುಡಿಯನ್ನು ಇಂಥ ಕಸದ ಸಿನಿಮಾದಲ್ಲಿ ಚೀನಿ ಎಂದು ಮಾರುವುದು ಮಾನಗೇಡು, ಇದರಿಂದ ಮಕ್ಕಳು ಕೆಡುತ್ತಾರೆ ಎಂದು ಕಾಲು ತಾಸು ವಿವರಿಸಿದೆ. ಅಷ್ಟರಲ್ಲಿ ಮಕ್ಕಳ ತಲೆಗಳು ಮತ್ತೆ ಮೊಬೈಲಿಗೆ ಇಳಿದವು.

ಕತ್ತರಿ ಮಾತ್ರ ಬೀಳಲಿಲ್ಲ; ಅದನ್ನು ತಡೆದದ್ದು ಒಂದು ಮಾತು. ರೇವಣಪ್ಪ ಆ ತಗ್ಗಿದ ತಲೆಗಳನ್ನು ಒಮ್ಮೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಸಾಹೇಬ್ರ, ನೀವು ತಾಸಗಟ್ಟಲೆ ಕನ್ನಡದಾಗ ಮಾತಾಡಿದ್ರಿ, ಈ ಹುಡುಗೂರಿಗಿ ಅದು ಚೀನಿ ಆತು. ನಾ ಎರಡ ಮಿಂಟ ಚೀನಿ ಮಾತಾಡೀನಿ, ಒಂದೊಂದು ಮಾತೂ ತಿಳೀತು. ಕತ್ತರಿ ಯಾರಿಗಿ ಹಾಕೂದಂತ ಅವ್ರಿಗೇ ಕೇಳ್ರಿ."